ಇಳಿಯಲು ಬಲ್ಲವರೇ ಏರಬೇಕು

ದೀಪಾವಳಿ ಬಂತೆಂದರೆ ನಮ್ಮ ನಿಪ್ಪಾಣಿಯ ಓಣಿ ಓಣಿಯಲ್ಲಿ ಕೋಟೆಗಳು ಏಳುತ್ತವೆ. ಮಣ್ಣು, ಇಟ್ಟಿಗೆ ಚೂರು, ಹಳೆಯ ಗೋಣಿಚೀಲ ಸೇರಿಸಿ ಮಕ್ಕಳು ‘ಕಿಲ್ಲೆ’ ಕಟ್ಟುತ್ತಾರೆ. ಅದರ ಇಳಿಜಾರಿಗೆ ಸಾಸಿವೆ ಚೆಲ್ಲಿ ಹಸಿರು ಬರಿಸುತ್ತಾರೆ. ಪೇಟೆಯಿಂದ ತಂದ ಮಣ್ಣಿನ ಮಾವಳೆ ಸೈನಿಕರನ್ನು ಬುರುಜಿನ ಮೇಲೆ ನಿಲ್ಲಿಸುತ್ತಾರೆ. ಒಬ್ಬರ ಅಂಗಳದಲ್ಲಿ ಪನ್ಹಾಳ, ಇನ್ನೊಬ್ಬರ ಅಂಗಳದಲ್ಲಿ ರಾಜಗಡ. ಗಡಿಭಾಗದವರಾದ ನಮಗೆ ಮನೆಯ ಮಾತು ಕನ್ನಡ, ಓಣಿಯ ಮಾತು ಅರ್ಧ ಮರಾಠಿ. ಹಾಗಾಗಿ ಈ ಕೋಟೆಗಳ ಹೆಸರು ನಮಗೆ ಶಾಲೆಯ ಪುಸ್ತಕಕ್ಕಿಂತ ಮೊದಲೇ ಗೊತ್ತಿರುತ್ತದೆ.

ಇದೇ ಮಕ್ಕಳು ಕಾಲೇಜಿಗೆ ಬಂದ ಮೇಲೆ ಮಣ್ಣಿನ ಕಿಲ್ಲೆ ಸಾಲುವುದಿಲ್ಲ. ನಿಜವಾದ ಗುಡ್ಡ ಕರೆಯುತ್ತದೆ. ಶನಿವಾರ ರಾತ್ರಿ ಹೆದ್ದಾರಿಯಲ್ಲಿ ನಿಂತರೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಕೊಲ್ಹಾಪುರ, ಪುಣೆ ಕಡೆ ಹೊರಟ ಹುಡುಗ ಹುಡುಗಿಯರ ಗುಂಪು ಕಾಣದ ವಾರವಿಲ್ಲ. ಅವರಲ್ಲಿ ನಾನೂ ಒಬ್ಬಳು. ಬಿಎಸ್ಸಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾ ಕೆಲಸ ಹುಡುಕುತ್ತಿರುವವಳು. ಮೂರು ವರ್ಷಗಳಿಂದ ಸಹ್ಯಾದ್ರಿಯ ಗುಡ್ಡಗಳನ್ನು ಹತ್ತುತ್ತಿದ್ದೇನೆ. ಈ ಓಡಾಟದಲ್ಲಿ ಅರ್ಥವಾದ ಒಂದು ವಿಷಯವನ್ನು ನನ್ನದೇ ವಯಸ್ಸಿನವರ ಜತೆ ಹಂಚಿಕೊಳ್ಳಬೇಕೆನಿಸಿತು.

ನಡಿಗೆಯೂ ಅಲ್ಲ, ಕ್ಲೈಂಬಿಂಗೂ ಅಲ್ಲ

ಗುಡ್ಡ ಹತ್ತುವುದೆಂದರೆ ಎಲ್ಲವೂ ಒಂದೇ ಅಲ್ಲ. ಕಾಲುದಾರಿಯಲ್ಲಿ ನಡೆದು ಹೋಗುವುದು ಟ್ರೆಕ್ಕಿಂಗ್. ಹಗ್ಗ, ಹಾರ್ನೆಸ್ ಕಟ್ಟಿಕೊಂಡು ಕಡಿದಾದ ಬಂಡೆ ಏರುವುದು ರಾಕ್ ಕ್ಲೈಂಬಿಂಗ್. ಇವೆರಡರ ನಡುವೆ ಇನ್ನೊಂದಿದೆ. ದಾರಿ ಇದ್ದಕ್ಕಿದ್ದಂತೆ ಬಂಡೆಯಾಗುತ್ತದೆ, ಕಾಲು ಮಾತ್ರ ಸಾಲದೆ ಕೈಯನ್ನೂ ಊರಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಕ್ರಾಂಬ್ಲಿಂಗ್ ಎನ್ನುತ್ತಾರೆ. ಸಹ್ಯಾದ್ರಿಯ ಟ್ರೆಕ್ಕರ್‌ಗಳು ಇಂಥ ಜಾಗವನ್ನು ‘ರಾಕ್ ಪ್ಯಾಚ್’ ಎಂದು ಕರೆಯುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಕೈಕಾಲು ಹಚ್ಚಿ ಹತ್ತೋದು’, ಅಷ್ಟೇ.

ಹೊರದೇಶಗಳಲ್ಲಿ ಇಂಥ ದಾರಿಗಳಿಗೆ ದರ್ಜೆಯನ್ನೇ ಕೊಟ್ಟಿದ್ದಾರೆ. ಬ್ರಿಟನ್ನಿನಲ್ಲಿ 1ರಿಂದ 3. ಅಲ್ಲಿನ ವೇಲ್ಸ್‌ನಲ್ಲಿ ಸ್ನೋಡನ್ ಶಿಖರದ ಪಕ್ಕ ಕ್ರಿಬ್ ಗೋಹ್ ಎಂಬ 923 ಮೀಟರ್ ಎತ್ತರದ ಬೆಟ್ಟವಿದೆ. ಅದರ ಬೆನ್ನು ಕತ್ತಿಯ ಅಲಗಿನಂತೆ ಕಿರಿದು, ಎರಡೂ ಬದಿಗೆ ಪ್ರಪಾತ. ಆದರೂ ಅದು 1ನೇ ದರ್ಜೆಯದ್ದು, ಅಂದರೆ ‘ಸುಲಭ’ದ್ದು! ಅಮೆರಿಕದ ಯೋಸೆಮಿಟಿ ಪದ್ಧತಿಯಲ್ಲಿ 1ರಿಂದ 5 ಇದೆ. 1 ಎಂದರೆ ಬರೀ ನಡಿಗೆ. 3ರಲ್ಲಿ ಕೈ ಬೇಕೇ ಬೇಕು. 4ರಲ್ಲಿ ಏರುವುದು ಅಷ್ಟೇನೂ ಕಷ್ಟವಲ್ಲ, ಆದರೆ ಬಿದ್ದರೆ ಜೀವ ಉಳಿಯುವುದು ಅನುಮಾನ. 5 ಹಗ್ಗದ ಕ್ಲೈಂಬಿಂಗ್.

ಈ ನಡುವಿನ 3 ಮತ್ತು 4 ಇವೆಯಲ್ಲ, ಅವೇ ನಮ್ಮಂಥವರಿಗೆ ಮೋಸ ಮಾಡುವ ಜಾಗ. ಹಗ್ಗ ಬೇಕೆನಿಸುವುದಿಲ್ಲ, ಗುರುಗಳೂ ಬೇಕೆನಿಸುವುದಿಲ್ಲ. ‘ಏ, ಇದೇನ್ ಮಹಾ’ ಎನಿಸುತ್ತದೆ. ಆದರೆ ಬೀಳುವ ಎತ್ತರ ಮಾತ್ರ ಕ್ಲೈಂಬಿಂಗಿನದ್ದೇ.

ನಮ್ಮ ಹೆದ್ದಾರಿಯ ಇನ್ನೊಂದು ತುದಿ

ಇಂಥ ದಾರಿಗೆ ನಿಪ್ಪಾಣಿಯವರು ಬಹಳ ದೂರ ಹೋಗಬೇಕಿಲ್ಲ. ನಮ್ಮ ಊರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲೇ ಉತ್ತರಕ್ಕೆ ಕೊಲ್ಹಾಪುರ, ಸಾತಾರಾ ದಾಟಿ ಪುಣೆಗೆ ಮೊದಲೇ ನಸರಾಪುರದ ಬಳಿ ಎಡಕ್ಕೆ ತಿರುಗಿದರೆ ರಾಜಗಡದ ದಾರಿ. ರಾಜಗಡ ಶಿವಾಜಿ ಮಹಾರಾಜರ ಮೊದಲ ರಾಜಧಾನಿ. ರಾಯಗಡಕ್ಕೆ ಹೋಗುವ ಮೊದಲು ಸುಮಾರು 25 ವರ್ಷ ಆಡಳಿತ ನಡೆದದ್ದು ಇಲ್ಲಿಂದಲೇ. 2025ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ 12 ಮರಾಠಾ ಕೋಟೆಗಳಲ್ಲಿ ಪನ್ಹಾಳದ ಜತೆ ರಾಜಗಡವೂ ಇದೆ. ಅದರ ಎದುರಿಗೆ, ಒಂದೇ ಬೆಟ್ಟದ ಬೆನ್ನಿನ ಇನ್ನೊಂದು ತುದಿಯಲ್ಲಿ, 1,403 ಮೀಟರ್ ಎತ್ತರದ ತೋರಣಾ. ಹದಿಹರೆಯದ ಶಿವಾಜಿ 1646ರಲ್ಲಿ ವಶಪಡಿಸಿಕೊಂಡ ಮೊದಲ ಕೋಟೆ ಅದು. ಅದಕ್ಕೆ ಪ್ರಚಂಡಗಡ ಎಂಬ ಇನ್ನೊಂದು ಹೆಸರೂ ಇದೆ.

ಈ ಎರಡೂ ಕೋಟೆಗಳನ್ನು ಜೋಡಿಸುವ ಬೆಟ್ಟದ ಬೆನ್ನಿನ ಮೇಲೆ ನಡೆಯುವುದು ಸಹ್ಯಾದ್ರಿಯ ಹೆಸರಾಂತ ದಾರಿಗಳಲ್ಲೊಂದು. ಗುಂಜವಣೆ ಎಂಬ ಹಳ್ಳಿಯಿಂದ ಚೋರ ದರವಾಜಾದ ಕಡಿದಾದ ಏರು, ಮೇಲೆ ಪದ್ಮಾವತಿ ಮಾಚಿ. ಅಲ್ಲಿಂದ ಸಂಜೀವನಿ ಮಾಚಿಯ ಉದ್ದಕ್ಕೂ ನಡೆದು, ಅಳು ದರವಾಜಾದಿಂದ ಕೆಳಗಿಳಿದರೆ ಬೆಟ್ಟದ ಬೆನ್ನು ಶುರು. ನಡುವೆ ಒಂದು ಕಡೆ ಟಾರು ರಸ್ತೆ ಅಡ್ಡ ಬರುತ್ತದೆ. ಅದನ್ನು ದಾಟಿ ಮತ್ತೆ ಏರುತ್ತಾ ಹೋದರೆ ಕೊನೆಗೆ ತೋರಣಾದ ಬುಧಲಾ ಮಾಚಿ. ಅದಕ್ಕೂ ಮೊದಲು ಸಿಗುವ ಬುರುಜಿನ ಹೆಸರು ರಡತೋಂಡಿ, ಅಂದರೆ ಅಳುಮೋರೆ! ಹೆಸರಿಟ್ಟವರಿಗೆ ಅನುಭವ ಇದ್ದಿರಬೇಕು.

ಇಲ್ಲಿನ ಬಂಡೆಯನ್ನು ಸ್ವಲ್ಪ ಅರ್ಥಮಾಡಿಕೊಳ್ಳಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರು ಪದರಾಗಿ ಹರಿದು ಹೆಪ್ಪುಗಟ್ಟಿದ್ದೇ ಸಹ್ಯಾದ್ರಿಯ ಈ ಭಾಗದ ಕಪ್ಪು ಬಸಾಲ್ಟ್ ಕಲ್ಲು. ಗಟ್ಟಿ ಪದರು ಗೋಡೆಯಂತೆ ನಿಲ್ಲುತ್ತದೆ, ಮೆತ್ತಗಿನ ಪದರು ಸವೆದು ಹುಲ್ಲಿನ ಇಳಿಜಾರಾಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ಹುಲ್ಲು, ಸ್ವಲ್ಪ ಹೊತ್ತು ಗೋಡೆ, ಮತ್ತೆ ಹುಲ್ಲು. ಒಣಗಿದ ಬಸಾಲ್ಟಿಗೆ ಹಿಡಿತ ಚೆನ್ನಾಗಿರುತ್ತದೆ, ಕೈಯಿಡಲು ಸಂದುಗಳೂ ಸಾಕಷ್ಟು. ಆದರೆ ಅದೇ ಸಂದುಗಳಿಂದಾಗಿ ಕಲ್ಲು ಬಿಟ್ಟುಕೊಂಡಿರುತ್ತದೆ, ಹಿಡಿದದ್ದೇ ಕೈಗೆ ಬರಬಹುದು. ಮಳೆ ಬಿದ್ದು ಪಾಚಿ ಕಟ್ಟಿದರಂತೂ ಸೋಪು ಹಚ್ಚಿದ ನೆಲ. ಒಣಹುಲ್ಲಿನ ಕೆಳಗಿನ ಗರಸು ಇನ್ನೂ ಅಪಾಯ, ಕಾಲಿಟ್ಟಲ್ಲಿ ಕಾಳಿನಂತೆ ಉರುಳುತ್ತದೆ.

ಏಳು ಮಂದಿ ಬಂದೀವಿ, ಏಳು ಮಂದಿ ಹೋಗೂಣು

ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ನಾವು ಏಳು ಮಂದಿ ಈ ದಾರಿಗೆ ಹೋಗಿದ್ದೆವು. ಮುಂದಾಳು ನನ್ನ ದಾದಾ. ಕಾಗಲ್ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಾನೆ, ರಜೆ ಸಿಕ್ಕರೆ ಗುಡ್ಡ. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದವನು ಸೇನಾ ಭರ್ತಿಗೆ ತಯಾರಿ ನಡೆಸುತ್ತಿದ್ದ ನಮ್ಮ ಓಣಿಯ ಗೆಳೆಯ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓಡುವವನು. 1.6 ಕಿ.ಮೀ. ಓಟದಲ್ಲಿ ಅವನನ್ನು ಹಿಂದೆ ಹಾಕುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ರಾಜಗಡ ಮುಗಿಸಿ ಟಾರು ರಸ್ತೆ ದಾಟುವವರೆಗೆ ಎಲ್ಲವೂ ಸರಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದು ಹನಿ ಬೀಳತೊಡಗಿತು. ತೋರಣಾ ಕಡೆಯ ಏರಿನಲ್ಲಿ ಒಂದು ರಾಕ್ ಪ್ಯಾಚ್. ಎರಡಾಳೆತ್ತರ ಇದ್ದೀತು, ಅಷ್ಟೇ. ಬಲಕ್ಕೆ ಕಣಿವೆ. ನಮ್ಮ ಓಟಗಾರ ಅರ್ಧ ಏರಿದವನು ಅಲ್ಲೇ ನಿಂತುಬಿಟ್ಟ. ಮೇಲೂ ಇಲ್ಲ, ಕೆಳಗೂ ಇಲ್ಲ. ಕರೆದರೆ ಉತ್ತರವಿಲ್ಲ. ಅವನ ಮೊಣಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ನಡುಗುವುದು ಕೆಳಗಿನಿಂದಲೇ ಕಾಣುತ್ತಿತ್ತು.

ಯಾರೂ ನಗಲಿಲ್ಲ. ದಾದಾ ಸದ್ದಿಲ್ಲದೆ ಅವನ ಕೆಳಗೆ, ಸ್ವಲ್ಪ ಪಕ್ಕಕ್ಕೆ ಏರಿ ನಿಂತ. ‘ಕೆಳಗ ನೋಡಬ್ಯಾಡ ಅಂತ ಯಾರ ಹೇಳಿದ್ರು ನಿನಗ? ನೋಡು, ನನ್ನ ಕೈ ನೋಡು. ಎಡಗಾಲ ಒಂದು ಗೇಣು ಕೆಳಗ ಬಿಡು. ಹಾಂ, ಅಲ್ಲೇ ಐತಿ ಕಲ್ಲು. ಭಾರ ಹಾಕು. ಈಗ ಬಲಗೈ...’ ಹೀಗೆ ಒಂದೊಂದೇ ಕೈ, ಒಂದೊಂದೇ ಕಾಲು. ಎರಡಾಳೆತ್ತರ ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು.

ಅವನು ನೆಲ ಮುಟ್ಟಿದ ಮೇಲೆ ನಿಜವಾದ ಪ್ರಶ್ನೆ ಎದ್ದಿತು. ಮುಂದೆ ಏನು? ತೋರಣಾ ಕಣ್ಣೆದುರಿಗೇ ಇತ್ತು. ಬಂದದ್ದು ರಾತ್ರಿಯಿಡೀ ಪ್ರಯಾಣ ಮಾಡಿ, ಎಲ್ಲರೂ ಹಣ ಹಾಕಿ. ದಾದಾನಿಗೆ ಮತ್ತೆ ರಜೆ ಸಿಗುವುದು ಯಾವಾಗಲೋ. ‘ಅಂವ ರಸ್ತೆದಾಗ ಕುಂದರಲಿ, ನಾವು ಹೋಗಿ ಬರೂಣು. ಒಬ್ಬನ ಸಲುವಾಗಿ ಆರು ಮಂದಿ ಯಾಕ ತಿರಗಬೇಕು?’ ಎಂದು ಒಬ್ಬ ಕೇಳಿಯೇಬಿಟ್ಟ. ಆ ಪ್ರಶ್ನೆ ನನ್ನ ಮನಸ್ಸಿನಲ್ಲೂ ಇತ್ತು, ಇರಲಿಲ್ಲ ಎನ್ನಲಾರೆ.

ದಾದಾ ಭಾಷಣ ಮಾಡಲಿಲ್ಲ. ‘ಏಳು ಮಂದಿ ಬಂದೀವಿ, ಏಳು ಮಂದಿ ಹೋಗೂಣು. ಕಲ್ಲು ಹಸಿ ಆಗೇತಿ. ಇನ್ನ ಮ್ಯಾಲ ಇದಕ್ಕಿಂತ ದೊಡ್ಡ ಪ್ಯಾಚ್ ಅದಾವು. ನಾ ಹೋಗಂಗಿಲ್ಲ’ ಎಂದ, ಅಷ್ಟೇ. ತಿರುಗಿದೆವು. ಟಾರು ರಸ್ತೆಗೆ ಇಳಿಯುವಷ್ಟರಲ್ಲಿ ಮಳೆ ಜೋರಾಯಿತು. ಆ ಮಳೆಯಲ್ಲಿ ನಾವು ಮೇಲಿನ ಬಂಡೆಗಳ ಮೇಲೆ ಇದ್ದಿದ್ದರೆ? ಹಳ್ಳಿಯ ಮನೆಯೊಂದರಲ್ಲಿ ಬಿಸಿ ಪಿಠಲ ಭಾಕರಿ ತಿನ್ನುವಾಗ ಎಲ್ಲರ ತಲೆಯಲ್ಲೂ ಅದೇ ಇತ್ತು, ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಇಳಿಯುವವರ ಕಥೆ

ನಾವು ಕೇಳಿ ಬೆಳೆದ ಕಥೆಗಳೆಲ್ಲ ಏರಿದವರದ್ದು. 1670ರ ಫೆಬ್ರುವರಿ 4ರ ರಾತ್ರಿ ತಾನಾಜಿ ಮಾಲುಸರೆ ಕೊಂಡಾಣಾ ಕೋಟೆಯ ಕಡಿದಾದ ಬದಿಯನ್ನು ಏರಿದ್ದು ಎಲ್ಲರಿಗೂ ಗೊತ್ತು. ಉಡಕ್ಕೆ ಹಗ್ಗ ಕಟ್ಟಿ ಹತ್ತಿಸಿದ ಎಂಬ ಕಥೆಯನ್ನೂ ಸೇರಿಸಿ ಹೇಳುತ್ತಾರೆ. ಆದರೆ ರಾಯಗಡದ ಹಿರಕಣಿಯ ಐತಿಹ್ಯ ನೆನಪಿಸಿಕೊಳ್ಳಿ. ಹಾಲು ಮಾರಲು ಬಂದ ಹೆಂಗಸು, ಸಂಜೆ ಕೋಟೆ ಬಾಗಿಲು ಮುಚ್ಚಿದ್ದರಿಂದ ಮನೆಯಲ್ಲಿದ್ದ ಕೂಸಿಗಾಗಿ ಕತ್ತಲಲ್ಲಿ ಕಡಿದಾದ ಬಂಡೆಯನ್ನು ಇಳಿದಳಂತೆ. ಇಳಿದಳು! ಬಂಡೆಯ ಅನುಭವ ಇರುವವರಿಗೆ ಗೊತ್ತು, ಇಳಿಯುವುದೇ ಹೆಚ್ಚು ಕಷ್ಟ. ಏರುವಾಗ ಮುಂದಿನ ಹಿಡಿತ ಕಣ್ಣೆದುರಿಗೇ ಇರುತ್ತದೆ. ಇಳಿಯುವಾಗ ಅದು ಕಾಲಿನ ಕೆಳಗೆ, ಕಣ್ಣಿಗೆ ಮರೆಯಾಗಿ ಇರುತ್ತದೆ. ಮೈ ದಣಿದಿರುತ್ತದೆ, ಮನಸ್ಸು ಆಗಲೇ ಮನೆ ಸೇರಿರುತ್ತದೆ.

ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು 1865ರ ಜುಲೈ 14ರಂದು ಮೊದಲ ಬಾರಿಗೆ ಏರಿದ ಎಡ್ವರ್ಡ್ ವಿಂಪರ್ ತಂಡದಲ್ಲೂ ಏಳೇ ಮಂದಿ ಇದ್ದರು. ಏಳೂ ಮಂದಿ ತುದಿ ಮುಟ್ಟಿದರು. ಇಳಿಯುವಾಗ ಒಬ್ಬರ ಕಾಲು ಜಾರಿ, ಹಗ್ಗ ತುಂಡಾಗಿ ನಾಲ್ವರು ಸತ್ತರು. ಶಿಖರ ಏರಿದ ದಿನವೇ.

ನಮ್ಮ ಕಾಲದ ಸುದ್ದಿಗಳನ್ನೇ ನೋಡಿ. 2022ರ ಫೆಬ್ರುವರಿಯಲ್ಲಿ ಕೇರಳದ ಮಲಂಪುಳ ಬಳಿ ಯುವಕನೊಬ್ಬ ಬೆಟ್ಟದ ಬಂಡೆಯ ಸಂದಿನಲ್ಲಿ 40 ಗಂಟೆಗೂ ಹೆಚ್ಚು ಕಾಲ ಅನ್ನ ನೀರಿಲ್ಲದೆ ಸಿಕ್ಕಿಕೊಂಡಿದ್ದ. ಸೈನಿಕರು ಬಂದು ಹಗ್ಗದಿಂದ ಮೇಲೆತ್ತಿದರು. ಅದೇ ತಿಂಗಳು ನಮ್ಮ ನಂದಿಬೆಟ್ಟದ ಪ್ರದೇಶದಲ್ಲಿ ಜಾರಿಬಿದ್ದು ಬಂಡೆಗಳ ನಡುವೆ ಸಿಕ್ಕಿಕೊಂಡ 19 ವರ್ಷದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಮೇಲೆತ್ತಿತು. ಇಬ್ಬರೂ ಬದುಕಿದರು. ಎಲ್ಲರಿಗೂ ಹೆಲಿಕಾಪ್ಟರ್ ಬರುವುದಿಲ್ಲ.

ಕಲಿತರೆ ಬರುವ ವಿದ್ಯೆ

ಅಂಜಿಕೆ ಬಲಹೀನತೆಯಲ್ಲ, ಅಭ್ಯಾಸದ ಕೊರತೆ. ನಮ್ಮ ಓಟಗಾರ ಒಂದು ತಿಂಗಳು ಯಾರ ಜತೆಗೂ ಗುಡ್ಡದ ಮಾತೆತ್ತಲಿಲ್ಲ. ಆಮೇಲೆ ತಾನೇ ದಾದಾನ ಹತ್ತಿರ ಬಂದು, ‘ದಾದಾ, ನನಗ ಇಳಿಯೂದು ಕಲಸು’ ಎಂದ. ಏರುವುದು ಎಂದು ಕೇಳಲಿಲ್ಲ, ಇಳಿಯುವುದು ಎಂದ! ಭಾನುವಾರ ಬೆಳಿಗ್ಗೆ ತವಂದಿ ಘಾಟ್ ಕಡೆಯ ಗುಡ್ಡಕ್ಕೆ ಹೋಗಿ, ಬಿದ್ದರೂ ಪೆಟ್ಟಾಗದಂಥ ಆಳೆತ್ತರದ ಕಲ್ಲುಗಳ ಮೇಲೆ ಶುರುಮಾಡಿದೆವು. ಜತೆಗೆ ನಾನೂ ಕಲಿತೆ. ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಎರಡು ಕೈ, ಎರಡು ಕಾಲು, ಒಟ್ಟು ನಾಲ್ಕು. ಇದರಲ್ಲಿ ಮೂರು ಸದಾ ಬಂಡೆಯ ಮೇಲಿರಬೇಕು. ಒಂದು ಮಾತ್ರ ಸರಿಯಬೇಕು. ಭಾರ ಕಾಲಿನ ಮೇಲೆ, ಕೈ ಬರೀ ತೂಕ ಸರಿದೂಗಿಸಲು. ಹಿಡಿಯುವ ಕಲ್ಲನ್ನು ಮೊದಲು ಅಂಗೈಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಬಿಡಬೇಕು. ಕಲ್ಲನ್ನು ಹೊರಗೆ ಎಳೆಯಬಾರದು, ಕೆಳಗೆ ಒತ್ತಬೇಕು. ಮೊಣಕಾಲು ಊರಬಾರದು, ಊರಿದರೆ ಎದ್ದು ನಿಲ್ಲುವುದು ಕಷ್ಟ. ಕಡಿದಾದಲ್ಲಿ ಇಳಿಯುವಾಗ ಮುಖ ಬಂಡೆಯ ಕಡೆಗಿರಲಿ, ಏಣಿ ಇಳಿದ ಹಾಗೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬಾರದು. ಕಲ್ಲು ಉರುಳಿದರೆ ನಾಚಿಕೆ ಬಿಟ್ಟು ‘ಕಲ್ಲೂ!’ ಎಂದು ಕೂಗಬೇಕು. ಎಲ್ಲಕ್ಕಿಂತ ದೊಡ್ಡದು, ಇಳಿಯಲು ಆಗುತ್ತದೆ ಎಂಬ ಖಾತ್ರಿ ಇಲ್ಲದ್ದನ್ನು ಏರಬಾರದು.

ಇನ್ನು ಸಾಮಾನು. ಹಿಡಿತ ಇರುವ ಬೂಟು, ಹೆಲ್ಮೆಟ್, ತಲೆಗೆ ಕಟ್ಟುವ ಟಾರ್ಚ್, ಒಬ್ಬರಿಗೆ ಕನಿಷ್ಠ ಮೂರು ಲೀಟರ್ ನೀರು. ಎರಡೂ ಕೈ ಖಾಲಿ ಇರಬೇಕು, ಮೊಬೈಲ್ ಜೇಬಿನಲ್ಲಿರಲಿ. ಬಂಡೆಯ ಮೇಲೆ ರೀಲ್ಸ್ ಬೇಡವೇ ಬೇಡ. ಹೆಜ್ಜೇನು ಇರುವ ಕಡೆ ಸೆಂಟು, ಹೊಗೆ, ಕೂಗಾಟ ಮೂರೂ ಅಪಾಯ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಇಳಿಯುತ್ತೇವೆ ಎಂದು ಮನೆಯಲ್ಲೂ, ಕೆಳಗಿನ ಹಳ್ಳಿಯಲ್ಲೂ ಹೇಳಿ ಹೋಗಬೇಕು. ತುರ್ತು ಕರೆಗೆ 112. ಮಳೆಗಾಲದಲ್ಲಿ ಬಂಡೆದಾರಿ ಬೇಡ. ಡಿಸೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ.

ನಮ್ಮ ರಾಜ್ಯದಲ್ಲೂ ಕೈ ಊರಿ ಏರುವ ಜಾಗಗಳಿಗೆ ಬರವಿಲ್ಲ. 1,712 ಮೀಟರ್ ಎತ್ತರದ ಕುಮಾರಪರ್ವತದಲ್ಲಿ ಶೇಷಪರ್ವತ ದಾಟಿದ ಮೇಲಿನ ಬಂಡೆ ಇಳಿಜಾರು, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋಗುವ ಸರ್ಪದಾರಿ, ಸಾವನದುರ್ಗದ ಒಂದೇ ಬಂಡೆಯ ಬೆಟ್ಟ. ಸಾವನದುರ್ಗದ್ದು ಗ್ರಾನೈಟ್. ಅಲ್ಲಿ ಹಿಡಿಯಲು ಸಂದುಗಳು ಕಡಿಮೆ, ಬೂಟಿನ ಅಂಟೇ ಆಧಾರ. ಬಸಾಲ್ಟಿನಲ್ಲಿ ಕಲಿತ ಕೈ ಅಲ್ಲಿ ಮೊದಲಿನಿಂದ ಕಲಿಯಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿ ಮಿತಿಮೀರಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದೆ. ಹೊರಡುವ ಮೊದಲು ಅನುಮತಿ ಇದೆಯೇ ಎಂದು ನೋಡಿಕೊಳ್ಳಿ.

ಕೆಲಸ ಹುಡುಕುವವರಿಗೆ ಒಂದು ಮಾತು

‘ಇದರಿಂದ ನೌಕರಿ ಸಿಗತೈತೇನ?’ ಎಂದು ನಮ್ಮ ಅವ್ವ ಕೇಳುತ್ತಿರುತ್ತಾಳೆ. ನಿಮ್ಮ ಮನೆಯಲ್ಲೂ ಕೇಳಬಹುದು. ನೇರ ಉತ್ತರ ಎಂದರೆ, ಕೆಲವರಿಗೆ ಸಿಗುತ್ತದೆ. ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ ಶುರುವಾದ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, ಉತ್ತರಕಾಶಿಯಲ್ಲಿ 1965ರಲ್ಲಿ ಶುರುವಾದ ನೆಹರು ಪರ್ವತಾರೋಹಣ ಸಂಸ್ಥೆಗಳಲ್ಲಿ ಸುಮಾರು ನಾಲ್ಕು ವಾರಗಳ ಬೇಸಿಕ್ ಕೋರ್ಸ್ ಇದೆ. ಅದರಲ್ಲಿ ‘ಎ’ ಗ್ರೇಡ್ ಬಂದರೆ ಅಡ್ವಾನ್ಸ್ ಕೋರ್ಸ್‌ಗೆ ದಾರಿ. ಮುಂದೆ ತರಬೇತುದಾರರಾಗಬಹುದು. ಎನ್‌ಸಿಸಿ ಕೆಡೆಟ್‌ಗಳಿಗೆ ಈ ಕೋರ್ಸ್‌ಗಳಿಗೆ ಹೋಗುವ ಅವಕಾಶ ಬರುತ್ತದೆ, ಕಾಲೇಜಿನಲ್ಲಿರುವವರು ಅದನ್ನು ಬಿಡಬೇಡಿ. ಕರ್ನಾಟಕದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಅಲ್ಲಿನ ಶಿಬಿರಗಳ ಪ್ರಕಟಣೆ ಗಮನಿಸುತ್ತಿರಿ. ಹಗ್ಗದ ವಿದ್ಯೆಯನ್ನು ಮೊಬೈಲ್ ನೋಡಿ ಕಲಿಯುವ ಬದಲು ಇಂಥ ಕಡೆ ಗುರುಮುಖೇನ ಕಲಿಯುವುದೇ ಸರಿ.

ನೌಕರಿ ಸಿಗದವರಿಗೆ? ನನಗಿನ್ನೂ ಸಿಕ್ಕಿಲ್ಲ. ಕಳೆದ ವರ್ಷ ಒಂದು ಪರೀಕ್ಷೆಯಲ್ಲಿ ಎರಡು ಅಂಕಗಳಿಂದ ಹೋಯಿತು. ಸಂಬಂಧಿಕರು ‘ಇನ್ನೆಷ್ಟು ವರ್ಷ ಓದತಿ’ ಎಂದು ಕೇಳುವಾಗ ಬೆಟ್ಟ ನನಗೆ ಉತ್ತರ ಕೊಟ್ಟಿಲ್ಲ. ಆದರೆ ಒಂದು ಅಭ್ಯಾಸ ಕೊಟ್ಟಿದೆ. ಇಡೀ ಗೋಡೆಯನ್ನು ನೋಡಿ ಹೆದರುವ ಬದಲು ಮುಂದಿನ ಒಂದು ಹಿಡಿತ ಹುಡುಕುವುದು, ಅದನ್ನು ತಟ್ಟಿ ನೋಡುವುದು, ಗಟ್ಟಿಯಿದ್ದರೆ ಮಾತ್ರ ಭಾರ ಹಾಕುವುದು. ಓದಿನ ಟೈಮ್‌ಟೇಬಲ್ ಕೂಡ ಈಗ ಹಾಗೆಯೇ ಹಾಕಿಕೊಳ್ಳುತ್ತೇನೆ. ಯಾವ ಪರೀಕ್ಷೆಯನ್ನು ಬಿಡಬೇಕು ಎಂಬುದನ್ನೂ ಲೆಕ್ಕ ಹಾಕುತ್ತೇನೆ. ತಿರುಗಿ ಬರುವುದೂ ಒಂದು ತೀರ್ಮಾನ, ಸೋಲಲ್ಲ ಎಂದು ಆ ಟಾರು ರಸ್ತೆ ನನಗೆ ಕಲಿಸಿದೆ.

ಹೋದ ಜನವರಿಯಲ್ಲಿ ಅದೇ ಏಳು ಮಂದಿ ರಾಜಗಡದಿಂದ ತೋರಣಾಕ್ಕೆ ನಡೆದೆವು. ಕಲ್ಲು ಒಣಗಿತ್ತು. ಆ ಎರಡಾಳೆತ್ತರದ ಬಂಡೆಯನ್ನು ನಮ್ಮ ಓಟಗಾರ ಎಲ್ಲರಿಗಿಂತ ನಿಧಾನವಾಗಿ ಏರಿದ. ವೇಲ್ಹೆ ಕಡೆಯ ಬಿನಿ ದರವಾಜಾದ ಇಳಿಜಾರಿನಲ್ಲಿ ಮೊದಲ ಬಾರಿ ಬಂದಿದ್ದ ಬೇರೆ ಊರಿನ ಹುಡುಗಿಯೊಬ್ಬಳು ನಡುಗುತ್ತಾ ನಿಂತಿದ್ದಳು. ಅವನು ಅವಳ ಕೆಳಗೆ, ಸ್ವಲ್ಪ ಪಕ್ಕಕ್ಕೆ ಹೋಗಿ ನಿಂತು, ‘ತಂಗಿ, ಎಡಗಾಲ ಒಂದು ಗೇಣು ಕೆಳಗ ಬಿಡು’ ಎಂದ. ಅವಳಿಗೆ ಕನ್ನಡ ತಿಳಿಯದೆ ಮಿಕಿಮಿಕಿ ನೋಡಿದಳು. ಅವನು ಮತ್ತೆ ಮರಾಠಿಯಲ್ಲಿ ಹೇಳಿದ.

ಸೇನಾ ಭರ್ತಿಯ ಫಲಿತಾಂಶ ಇನ್ನೂ ಬಂದಿಲ್ಲ. ಬರುವವರೆಗೂ ನಮ್ಮ ಭಾನುವಾರಗಳು ಖಾಲಿ ಇವೆ. ನಿಪ್ಪಾಣಿ ಸುತ್ತಮುತ್ತಲಿನ ಕಾಲೇಜುಗಳ ಗೆಳೆಯ ಗೆಳತಿಯರೇ, ಗುಡ್ಡಕ್ಕೆ ಹೋಗಿ, ಖಂಡಿತ ಹೋಗಿ. ಆದರೆ ಮೊದಲ ದಿನ ಯಾವುದಾದರೂ ಆಳೆತ್ತರದ ಕಲ್ಲಿನ ಮೇಲೆ ನಿಂತು, ಮುಖ ಬಂಡೆಯ ಕಡೆಗೆ ತಿರುಗಿಸಿ, ನಿಧಾನಕ್ಕೆ ಇಳಿದು ನೋಡಿ.